ಸುಳಿವು ಕೊಟ್ಟವರಿಗೆ ಐದು ಲಕ್ಷ: ಆ ದುಡ್ಡು ಯಾರಿಗೆ, ಯಾವಾಗ, ಯಾಕೆ?

ವಿಜಯಪುರದ ಬಸ್ ನಿಲ್ದಾಣದ ಗೋಡೆ ಇರಲಿ, ಬೆಳಗಾವಿ ರೈಲ್ವೆ ಸ್ಟೇಷನ್ ಹೊರಗಿನ ಕಂಬ ಇರಲಿ, ಇಂಥದ್ದೊಂದು ಪೋಸ್ಟರ್ ಯಾವಾಗಲಾದರೂ ಕಣ್ಣಿಗೆ ಬಿದ್ದಿರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಬೇಕಾಗಿದ್ದಾರೆ’. ಕೆಳಗೆ ಗುರುತಿನ ಚೀಟಿಯಿಂದ ತೆಗೆದ ಮಸುಕು ಫೋಟೊ, ವಯಸ್ಸು, ಎತ್ತರ. ಅದರ ಕೆಳಗೆ ಒಂದು ಮೊತ್ತ. ಕೊನೆಗೆ ಎರಡು ಫೋನ್ ನಂಬರ್. ಪಕ್ಕದಲ್ಲೇ ಕಾಣೆಯಾದವರ ಚೀಟಿ, ಅದರ ಅರ್ಧ ಭಾಗದ ಮೇಲೆ ಕೋಚಿಂಗ್ ಕ್ಲಾಸಿನ ಜಾಹೀರಾತು. ಜನ ಮೊತ್ತ ಓದುತ್ತಾರೆ, ‘ಐದ್ ಲಕ್ಷ ಅಂತ ನೋಡ್ರಿ’ ಎನ್ನುತ್ತಾರೆ, ಬಸ್ ಬಂದ ಕೂಡಲೇ ಹತ್ತಿ ಹೋಗುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಇಂಥ ಪ್ರಕಟಣೆ ಜಾಸ್ತಿಯಾಗಿವೆ. 2022ರ ಜುಲೈಯಲ್ಲಿ ಬೆಳ್ಳಾರೆಯಲ್ಲಿ ನಡೆದ ಪ್ರವೀಣ್ ನೆಟ್ಟಾರು ಕೊಲೆ ಪ್ರಕರಣದಲ್ಲಿ ತಲೆಮರೆಸಿಕೊಂಡಿದ್ದ ನಾಲ್ವರ ಸುಳಿವಿಗೆ ರಾಷ್ಟ್ರೀಯ ತನಿಖಾ ದಳವಾದ ಎನ್‌ಐಎ ಒಟ್ಟು 14 ಲಕ್ಷ ರೂಪಾಯಿ ಘೋಷಿಸಿತು: ಇಬ್ಬರಿಗೆ ತಲಾ 5 ಲಕ್ಷ, ಇನ್ನಿಬ್ಬರಿಗೆ ತಲಾ 2 ಲಕ್ಷ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ, ಟೋಪಿ ಹಾಕಿದ್ದ ಅಪರಿಚಿತನ ಗುರುತು ಹೇಳಿದವರಿಗೆ 10 ಲಕ್ಷ ಎಂದಿತು. ಪ್ರತಿ ಸಲವೂ ಅದೇ ಗೊಂದಲ. ಒಬ್ಬನ ಬೆಲೆ ಐದು ಲಕ್ಷ, ಇನ್ನೊಬ್ಬನದ್ದು ಎರಡು ಲಕ್ಷ ಯಾಕೆ? ಫೋನ್ ಮಾಡಿದರೆ ನಿಜಕ್ಕೂ ದುಡ್ಡು ಬರುತ್ತಾ? ಅಥವಾ ಸುಮ್ನೆ ತಾನಾಗಿ ಹೋಗಿ ಕೋರ್ಟ್ ಕಟ್ಟೆ ಹತ್ತಿದಂತಾಗುತ್ತಾ?

ಒಂದೇ ಮಾತು, ಬೇರೆ ಬೇರೆ ಲೆಕ್ಕ

‘ಬಹುಮಾನ’ ಎನ್ನುವ ಪದವೇ ಅರ್ಧ ಗೊಂದಲಕ್ಕೆ ಕಾರಣ. ಓಟದಲ್ಲಿ ಗೆದ್ದವರಿಗೆ ಕೊಡುವುದೂ ಬಹುಮಾನ, ಕೊಲೆಗಾರನ ಸುಳಿವಿಗೆ ಕೊಡುವುದೂ ಬಹುಮಾನ. ಪೊಲೀಸ್ ವ್ಯವಹಾರದಲ್ಲಿ ಈ ಪದದೊಳಗೆ ಹಲವು ಲೆಕ್ಕಗಳಿವೆ.

ಕೊಂದವರು ಯಾರು ಎಂದೇ ಗೊತ್ತಿಲ್ಲದಾಗ ಘೋಷಿಸುವುದು ಒಂದು ಬಗೆ. ಯಾರು ಎಂದು ಗೊತ್ತಿದ್ದು, ಎಲ್ಲಿದ್ದಾರೆ ಎಂದು ಗೊತ್ತಿಲ್ಲದಾಗ ಘೋಷಿಸುವುದು ಇನ್ನೊಂದು. ನೆಟ್ಟಾರು ಪ್ರಕರಣದ್ದು ಈ ಎರಡನೆಯ ಬಗೆ. ಅಲ್ಲಿ ತನಿಖೆ ಸಾಕಷ್ಟು ಮುಂದೆ ಹೋಗಿತ್ತು, ಬೇಕಿದ್ದದ್ದು ವಿಳಾಸ ಮಾತ್ರ. ಸಾಮಾನ್ಯವಾಗಿ ಸಂಚಿನಲ್ಲಿ ಪಾತ್ರ ದೊಡ್ಡದು ಎಂದು ತನಿಖಾಧಿಕಾರಿಗಳು ಭಾವಿಸಿದವನ ಮೇಲಿನ ಮೊತ್ತವೂ ದೊಡ್ಡದಿರುತ್ತದೆ. ಇವೆರಡೂ ಅಲ್ಲದೆ ಕೇಸು ಪತ್ತೆ ಮಾಡಿದ ತಂಡಕ್ಕೆ ಇಲಾಖೆ ಕೊಡುವ ನಗದು ಬಹುಮಾನ ಇದೆ. ಪೇಪರಿನಲ್ಲಿ ‘ತಂಡಕ್ಕೆ ಬಹುಮಾನ’ ಎಂದು ಬರುವುದು ಅದು. ಜನರಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದನ್ನು ಇಲ್ಲೇ ಬೇರೆ ಮಾಡಿ ಇಡಬೇಕು. ವೇದಿಕೆ ಮೇಲೆ ನಿಂತು ‘ಇಂಥವರ ತಲೆ ತಂದವರಿಗೆ ಇಷ್ಟು ಕೋಟಿ’ ಎಂದು ಯಾರೋ ಕೂಗುತ್ತಾರಲ್ಲ, ಅದು ಬಹುಮಾನವಲ್ಲ. ಕೊಲೆಗೆ ಕುಮ್ಮಕ್ಕು. ಹಾಗೆ ಕೂಗಿದವರೇ ಆರೋಪಿಗಳಾಗಬೇಕು. ಟಿವಿಯಲ್ಲಿ ಎರಡಕ್ಕೂ ಒಂದೇ ಪದ ಬಳಸುವುದು ನೋಡಿದರೆ ಬೇಸರವಾಗುತ್ತದೆ.

ಹೇಳುವುದು ಕರ್ತವ್ಯ ಅಲ್ವಾ?

ಕಾನೂನಿನ ಪ್ರಕಾರ ಹೌದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮು, ಕೊಲೆ, ಸುಲಿಗೆ, ದರೋಡೆಯಂಥ ಅಪರಾಧ ಗೊತ್ತಾದರೆ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕು ಎನ್ನುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 39ನೇ ಕಲಮಿನಲ್ಲೂ ಇದೇ ಇತ್ತು. ತಿಳಿಸದೆ ಇರಲು ತಕ್ಕ ಕಾರಣ ಇತ್ತು ಎಂದು ತೋರಿಸುವ ಹೊಣೆ ಸುಮ್ಮನಿದ್ದವರ ಮೇಲೇ ಇರುತ್ತದೆ.

ಹಾಗಿದ್ದ ಮೇಲೆ ಕರ್ತವ್ಯಕ್ಕೆ ದುಡ್ಡು ಯಾಕೆ ಕೊಡಬೇಕು? ಬಹುಮಾನದ ವಿರುದ್ಧ ಇರುವವರ ಮುಖ್ಯ ವಾದ ಇದು. ಒಮ್ಮೆ ದುಡ್ಡು ಕೊಟ್ಟರೆ ಮುಂದಿನ ಸಲ ದುಡ್ಡಿಲ್ಲದೆ ಯಾರೂ ಬಾಯಿ ಬಿಡುವುದಿಲ್ಲ, ಸಾಕ್ಷಿ ಹೇಳುವುದೂ ಒಂದು ಧಂದೆಯಾಗುತ್ತದೆ ಎನ್ನುತ್ತಾರೆ. ಸುಮ್ಮನಿದ್ದವರಿಗೆ ಶಿಕ್ಷೆ ಆಗಬೇಕೇ ಹೊರತು ಮಾತಾಡಿದವರಿಗೆ ಕೂಲಿ ಅಲ್ಲ ಎಂಬುದು ಅವರ ನಿಲುವು.

ಈ ವಾದ ಬೆಳಗಾವಿಯ ನೆಲದಲ್ಲೇ ಒಮ್ಮೆ ದೊಡ್ಡದಾಗಿ ಎದ್ದಿತ್ತು. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟ ಎಂಬ ಸಿಟ್ಟಿಗೆ ಅವನ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪ್ರಸನ್ನ ಬಿ. ವರಾಳೆ ಅವರ ಪೀಠವನ್ನು, ಹೊಡೆದವರಷ್ಟೇ, ಕಾಡಿದ್ದು ಸುತ್ತ ನಿಂತು ನೋಡಿದವರು. ಅಷ್ಟು ಜನರ ಮಧ್ಯೆ ತಡೆಯಲು ಮುಂದೆ ಹೋದವರು ತೀರಾ ಕಡಿಮೆ. ಬ್ರಿಟಿಷರ ಕಾಲದಲ್ಲಿ, ವಿಲಿಯಂ ಬೆಂಟಿಂಕ್ ಆಡಳಿತದಲ್ಲಿ, ಇಡೀ ಊರಿಗೇ ಹಾಕುತ್ತಿದ್ದ ‘ಪುಂಡುಗಂದಾಯ’ದ ಮಾತು ಆಗ ಕೋರ್ಟಿನಲ್ಲಿ ಬಂತು. ಊರು ಸುಮ್ಮನಿದ್ದರೆ ಊರೇ ದಂಡ ಕಟ್ಟಲಿ ಎಂಬ ಯೋಚನೆ.

ಕೇಳಿದ ಕೂಡಲೇ ಸರಿ ಅನ್ನಿಸುತ್ತದೆ. ಆದರೆ ದಂಡದ ದಾರಿಗೊಂದು ತೊಡಕಿದೆ. ದಂಡ ಹಾಕಲು ಯಾರಿಗೆ ಏನು ಗೊತ್ತಿತ್ತು ಎಂದು ಮೊದಲು ಗೊತ್ತಾಗಬೇಕು. ಹಾಡಹಗಲೇ ಊರ ನಡುವೆ ನಡೆದದ್ದಕ್ಕೆ ಅದು ಸಾಧ್ಯ. ಕಬ್ಬಿನ ಗದ್ದೆಯ ಬದುವಿನಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬನೇ ಒಬ್ಬ ನೋಡಿದ ಕೊಲೆಗೆ? ನೋಡಿದ್ದೇನೆ ಎಂದು ಅವನಾಗಿಯೇ ಹೇಳುವವರೆಗೂ ಅವನು ಸಾಕ್ಷಿಯೇ ಅಲ್ಲ. ದಂಡ ಇದೆ ಎಂದು ಗೊತ್ತಾದರೆ ಅವನು ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚುತ್ತಾನೆ. ತಡವಾಗಿ ಹೇಳಿದರೆ ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಬರುತ್ತದಲ್ಲ! ಬಹುಮಾನ ಹುಟ್ಟಿದ್ದು ಈ ಸಂದಿಯಲ್ಲಿ. ಯಾರಿಗೆ ಗೊತ್ತು ಎಂಬುದೇ ಗೊತ್ತಿಲ್ಲದಾಗ, ಗೊತ್ತಿರುವವನು ತಾನಾಗಿ ಬರುವಂತೆ ಮಾಡಲು.

‘ಹಿಡಿದುಕೊಟ್ಟವ’ ಎಂಬ ಹೆಸರು

ಈ ಭಾಗದಲ್ಲಿ ಸರ್ಕಾರಕ್ಕೆ ಸುದ್ದಿ ಕೊಟ್ಟು ದುಡ್ಡು ಪಡೆಯುವುದಕ್ಕೆ ಒಂದು ಹಳೆಯ ಕಳಂಕ ಅಂಟಿಕೊಂಡಿದೆ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಎದುರಾಎದುರು ಕಾದಾಟದಲ್ಲಿ ಹಿಡಿಯಲಿಲ್ಲ. ನಂಬಿದವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಲಾವಣಿ ಹಾಡುವವರು ರಾಯಣ್ಣ ಸ್ನಾನಕ್ಕೆ ಹಳ್ಳಕ್ಕಿಳಿದ ಜಾಗಕ್ಕೆ ಬಂದಾಗ ದನಿ ತಗ್ಗಿಸುತ್ತಾರೆ, ಕೇಳುವವರು ಹಿಡಿದುಕೊಟ್ಟವರನ್ನು ಬೈಯುತ್ತಾರೆ. ಬ್ರಿಟಿಷರ ವಿರುದ್ಧ ಬಂಡೆದ್ದ ಸಿಂಧೂರ ಲಕ್ಷ್ಮಣನ ಕಥೆಯನ್ನೂ ಬೀಳಗಿ, ಜಮಖಂಡಿ ಕಡೆ ಹೀಗೇ ಹೇಳುತ್ತಾರೆ: ಅನ್ನ ಹಾಕಿದ ಮನೆಯಲ್ಲೇ ಮೋಸ.

ಇದನ್ನು ಕೇಳುತ್ತಾ ಬೆಳೆದವರಿಗೆ ‘ಪೊಲೀಸರಿಗೆ ಸುಳಿವು ಕೊಟ್ಟು ದುಡ್ಡು ತಗೊಂಡ’ ಎನ್ನುವುದು ಹೊಗಳಿಕೆ ಆಗಿ ಕೇಳಿಸುವುದಿಲ್ಲ. ಪರಕೀಯ ಸರ್ಕಾರಕ್ಕೆ ಬಂಡಾಯಗಾರನನ್ನು ಒಪ್ಪಿಸುವುದು ಬೇರೆ, ಪಕ್ಕದ ಮನೆಯ ಹೆಣ್ಣುಮಗಳನ್ನು ಕೊಂದವನನ್ನು ತೋರಿಸುವುದು ಬೇರೆ. ತರ್ಕಕ್ಕೆ ಇದು ಎಲ್ಲರಿಗೂ ಒಪ್ಪಿಗೆಯೇ. ಆದರೆ ‘ಬಾತ್ಮೀದಾರ’ ಎಂಬ ಪದ ಊರ ಕಟ್ಟೆಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ. ದುಡ್ಡಿನ ಆಸೆ ಇಲ್ಲದೆ ಹೇಳಲು ಸಿದ್ಧನಿದ್ದವನೂ, ದುಡ್ಡಿಗಾಗಿ ಹೇಳಿದ ಅನ್ನಿಸಿಕೊಳ್ಳುವ ಹೆದರಿಕೆಯಿಂದ ಹಿಂದೆ ಸರಿಯಬಹುದು. ದೊಡ್ಡ ಮೊತ್ತ ಘೋಷಿಸುವಾಗ ಈ ಉಲ್ಟಾ ಪರಿಣಾಮದ ಲೆಕ್ಕ ಯಾರೂ ಹಾಕಿದಂತೆ ಕಾಣುವುದಿಲ್ಲ.

ಐದು ಲಕ್ಷ ಮತ್ತು ಒಂದು ಜೀವ

ಕಳಂಕಕ್ಕಿಂತ ದೊಡ್ಡದು ಭಯ. ಭೀಮಾ ತೀರದ ಹಳ್ಳಿಗಳಲ್ಲಿ ನಾಡ ಪಿಸ್ತೂಲು, ತಲೆಮಾರಿನಿಂದ ತಲೆಮಾರಿಗೆ ಇಳಿಯುವ ದ್ವೇಷದ ಸುದ್ದಿ ಹೊಸದಲ್ಲ. ಅಲ್ಲಿ ಸುಳಿವು ಇರುವವನು ಹಾಕುವ ಲೆಕ್ಕ ಸರಳ. ಐದು ಲಕ್ಷ ಬಂದರೆ ಎರಡು ಎಕರೆಗೆ ಬೋರ್‌ವೆಲ್, ಪೈಪ್‌ಲೈನ್ ಆಗಬಹುದು. ಆದರೆ ಆ ಹೊಲಕ್ಕೆ ಹೋಗುವ ದಾರಿ ಆರೋಪಿಯ ಅಣ್ಣನ ಮನೆ ಮುಂದೆಯೇ ಹಾದುಹೋಗುತ್ತದೆ. ಇನ್ನು ಮೂವತ್ತು ವರ್ಷ ದಿನಾ ಅದೇ ದಾರಿ. ‘ನಮಗ್ಯಾಕ್ರಿ ಬೇಕು ಊರ ಉಸಾಬರಿ’ ಎಂಬ ಮಾತು ಹೇಡಿತನದ್ದು ಎನ್ನುವುದು ಸುಲಭ, ಆ ದಾರಿಯಲ್ಲಿ ನಡೆಯಬೇಕಾದವರು ನಾವಲ್ಲ ಅಷ್ಟೇ.

ಹಾಗಾಗಿ ಮೊತ್ತಕ್ಕಿಂತ ಜಾಸ್ತಿ ಮುಖ್ಯವಾಗುವುದು ಗುಟ್ಟು. ಇದಕ್ಕೆ ಕಾನೂನಿನಲ್ಲಿ ಒಂದಿಷ್ಟು ರಕ್ಷಣೆ ಇದೆ. ಅಪರಾಧದ ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಕೋರ್ಟಿನಲ್ಲಿ ಒತ್ತಾಯಿಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 125ನೇ ಕಲಮು ಇದನ್ನು ಹೇಳುತ್ತಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 131 ಹೇಳುತ್ತದೆ. ಎನ್‌ಐಎ ಪೋಸ್ಟರುಗಳಲ್ಲೂ ಮಾಹಿತಿ ಕೊಟ್ಟವರ ಗುರುತು ಗುಟ್ಟಾಗಿಡುತ್ತೇವೆ ಎಂಬ ಸಾಲು ಇರುತ್ತದೆ. ಆದರೆ ಈ ಕಲಮು ರಕ್ಷಿಸುವುದು ಕೋರ್ಟಿನ ಕಟಕಟೆಯಲ್ಲಿ. ಠಾಣೆ ಎದುರಿನ ಚಹಾ ಅಂಗಡಿಯಲ್ಲಿ ಯಾರೋ ಬಾಯಿಜಾರಿ ಹೇಳಿದರೆ ಅದನ್ನು ತಡೆಯುವ ಕಲಮು ಇಲ್ಲ. ಹಳ್ಳಿಯವನು ಸಂಜೆ ಠಾಣೆ ಮೆಟ್ಟಿಲು ಹತ್ತಿದ್ದನ್ನು ನೋಡಲು ನಾಲ್ಕು ಜನ ಇದ್ದರೆ ಸಾಕು, ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತು.

ಸುಳಿವು ಕೊಟ್ಟವನೇ ಮುಂದೆ ಸಾಕ್ಷಿಯೂ ಆದರೆ ಗುಟ್ಟು ಅಲ್ಲಿಗೆ ಮುಗಿಯಿತು. ಆಗ ಬೇಕಾಗುವುದು ಸಾಕ್ಷಿಗಳ ರಕ್ಷಣೆ. 2018ರ ಡಿಸೆಂಬರ್‌ನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಸಂಸತ್ತು ಕಾನೂನು ಮಾಡುವವರೆಗೆ ಅದೇ ಕಾನೂನು ಎಂದಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕು ಎನ್ನುತ್ತದೆ. ಬೆದರಿಕೆ ಎಷ್ಟು ಗಂಭೀರ ಎಂದು ಅಳೆದು ಮನೆ ಹತ್ತಿರ ಗಸ್ತು, ಫೋನ್ ನಂಬರ್ ಬದಲಾವಣೆ, ಬೇಕಾದರೆ ಬೇರೆ ಊರಿನಲ್ಲಿ ವಸತಿ, ತೀರಾ ಅಪಾಯ ಇದ್ದರೆ ಹೊಸ ಗುರುತು, ಇಷ್ಟಕ್ಕೂ ಅದರಲ್ಲಿ ಜಾಗ ಇದೆ. ಹೊಲ, ದನ, ಮಕ್ಕಳ ಶಾಲೆ ಎಲ್ಲ ಒಂದೇ ಊರಿನಲ್ಲಿ ಇರುವ ರೈತನಿಗೆ ‘ಬೇರೆ ಊರಿಗೆ ಹೋಗು’ ಎಂಬ ರಕ್ಷಣೆ ಶಿಕ್ಷೆಯಂತೆಯೇ ಕೇಳಿಸುತ್ತದೆ ಅನ್ನುವುದು ಬೇರೆ ಮಾತು.

ದುಡ್ಡು ನಿಜಕ್ಕೂ ಬರುತ್ತಾ?

ಬಹುಮಾನದ ಪ್ರಕಟಣೆ ಕಾನೂನಿನ ಕಣ್ಣಿಗೆ ಒಂದು ಕರಾರಿನ ಪ್ರಸ್ತಾಪ. ಊರಿಗೆಲ್ಲ ಸಾರಿದ ಪ್ರಸ್ತಾಪ. 1872ರ ಕರಾರು ಕಾಯ್ದೆಯ 8ನೇ ಕಲಮಿನ ಪ್ರಕಾರ, ಅದರಲ್ಲಿ ಹೇಳಿದ ಷರತ್ತನ್ನು ಪೂರೈಸಿದರೆ ಅದೇ ಒಪ್ಪಿಗೆ. ಆದರೆ ‘ಪೂರೈಸುವುದು’ ಅಂದರೆ ಏನು ಎಂಬಲ್ಲಿ ಜಗಳ ಹುಟ್ಟುತ್ತದೆ.

ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಒಂದು ಹಳೆಯ ಕೇಸು ಇದೆ. ಕಾನ್ಪುರದ ಒಬ್ಬ ಯಜಮಾನರ ಸೋದರಳಿಯ ಮನೆ ಬಿಟ್ಟು ಹೋದ. ಅವನನ್ನು ಹುಡುಕಲು ಮುನೀಮ ಲಾಲ್ಮನ್ ಶುಕ್ಲಾನನ್ನು ಹರಿದ್ವಾರದ ಕಡೆ ಕಳಿಸಿದರು. ಅವನು ಹೋದ ಮೇಲೆ ಯಜಮಾನರು ಹುಡುಕಿಕೊಟ್ಟವರಿಗೆ 501 ರೂಪಾಯಿ ಎಂದು ಕರಪತ್ರ ಹಂಚಿದರು. ಇದು ಗೊತ್ತಿಲ್ಲದೆಯೇ ಶುಕ್ಲಾ ಹುಡುಗನನ್ನು ಪತ್ತೆ ಮಾಡಿದ. ಆಮೇಲೆ ಬಹುಮಾನ ಕೇಳಿದಾಗ 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಕೊಡಲಾಗದು ಎಂದಿತು. ಪ್ರಸ್ತಾಪವೇ ಗೊತ್ತಿಲ್ಲದವನು ಅದನ್ನು ಒಪ್ಪಿದ ಹಾಗೆ ಹೇಗಾಗುತ್ತದೆ ಎಂಬುದು ಒಂದು ಕಾರಣ, ಹುಡುಕುವುದು ಅವನ ಕೆಲಸವೇ ಆಗಿತ್ತು ಎಂಬುದು ಇನ್ನೊಂದು. ಇದನ್ನು ಇವತ್ತಿಗೆ ಹೊಂದಿಸಿ ನೋಡಿ. ಸೋಮವಾರ ಒಬ್ಬ ಪುಣ್ಯಾತ್ಮ ಠಾಣೆಗೆ ಹೋಗಿ ಎಲ್ಲ ಹೇಳುತ್ತಾನೆ, ಬುಧವಾರ ಬಹುಮಾನ ಘೋಷಣೆಯಾಗುತ್ತದೆ. ಮೊದಲೇ ಬಂದವನು ಹಕ್ಕಿನಿಂದ ಕೇಳುವುದು ಕಷ್ಟ!

ಅದೇ ಹೈಕೋರ್ಟ್ 1925ರಲ್ಲಿ ಇನ್ನೊಂದು ಕೇಸಿನಲ್ಲಿ ಉದಾರವಾಗಿ ನಡೆದುಕೊಂಡಿತು. ಬರೇಲಿ ರೈಲು ನಿಲ್ದಾಣದ ಧರ್ಮಶಾಲೆಯಲ್ಲಿ ಕಾಣೆಯಾದ ಹುಡುಗನನ್ನು ಗುರುತಿಸಿ, ರೈಲ್ವೆ ಪೊಲೀಸರ ಬಳಿ ಬಿಟ್ಟು, ತಂದೆಗೆ ತಂತಿ ಕಳಿಸಿದವನಿಗೆ 500 ರೂಪಾಯಿ ಸಿಗಬೇಕು ಎಂದಿತು. ಕೈಹಿಡಿದು ಮನೆಗೇ ತಲುಪಿಸಿಲ್ಲ ಎಂಬ ತಂದೆಯ ತಕರಾರು ನಿಲ್ಲಲಿಲ್ಲ. ಕೊಲೆ ಕೇಸಿನದೇ ಉದಾಹರಣೆ ಬೇಕೆಂದರೆ ಇಂಗ್ಲೆಂಡಿನ 1833ರ ತೀರ್ಪು ಇದೆ. ಗಂಡನಿಂದ ಹೊಡೆತ ತಿಂದ ಒಬ್ಬ ಹೆಂಗಸು, ಇನ್ನು ತಾನು ಬದುಕುವುದಿಲ್ಲ ಎನ್ನಿಸಿ, ಮನಸ್ಸು ಹಗುರ ಮಾಡಿಕೊಳ್ಳಲು ಕೊಲೆಯ ಗುಟ್ಟು ಹೇಳಿದಳು. ದುಡ್ಡಿಗಾಗಿ ಹೇಳಿದ್ದಲ್ಲ. ಆದರೂ 20 ಪೌಂಡ್ ಬಹುಮಾನ ಅವಳದ್ದೇ ಎಂದಿತು ಕೋರ್ಟ್. ಯಾಕೆ ಹೇಳಿದಳು ಎಂಬುದು ಮುಖ್ಯವಲ್ಲ, ಹೇಳಿದಳಾ ಎಂಬುದು ಮುಖ್ಯ.

ಆದ್ದರಿಂದ ಪ್ರಕಟಣೆಯ ಒಂದೊಂದು ಪದವನ್ನೂ ನೋಡಬೇಕು. ‘ಬಂಧನಕ್ಕೆ ನೆರವಾಗುವ ಮಾಹಿತಿ’ ಎಂದಿದ್ದರೆ ಬಂಧನವಾದ ಮೇಲೆ ದುಡ್ಡು ಕೇಳಬಹುದು. ‘ಶಿಕ್ಷೆಗೆ ಕಾರಣವಾಗುವ’ ಎಂದಿದ್ದರೆ? ವಿಜಯಪುರ ಜಿಲ್ಲೆಯ ಯರಗಲ್‌ನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಮನೆ ಬಾಗಿಲಲ್ಲಿ ಕೊಂದದ್ದು 2015ರ ಆಗಸ್ಟ್ 30ರಂದು. ಆರೋಪಪಟ್ಟಿ ಬಂದದ್ದು 2019ರಲ್ಲಿ. ನಮ್ಮ ಕೋರ್ಟುಗಳ ವೇಗದಲ್ಲಿ ಶಿಕ್ಷೆಯವರೆಗೆ ಕಾಯುವುದೆಂದರೆ ಬಹುಮಾನ ಮಕ್ಕಳ ಕಾಲಕ್ಕೆ ಬಂದೀತು. ‘ನೆರವಾಗುವ’ ಎಂದರೆ ಎಷ್ಟು ನೆರವು ಎಂದು ತೀರ್ಮಾನಿಸುವುದೂ ಘೋಷಿಸಿದ ಇಲಾಖೆಯೇ.

ಇದಕ್ಕೆ ಹೋಲಿಸಿದರೆ ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ಮೊತ್ತದ ಕ್ರಮ ಎಷ್ಟೋ ಸ್ಪಷ್ಟ. 2021ರಲ್ಲಿ 5 ಸಾವಿರ ಇದ್ದದ್ದು 2025ರಲ್ಲಿ ‘ರಾಹ್-ವೀರ್’ ಹೆಸರಿನಲ್ಲಿ 25 ಸಾವಿರ ಆಯಿತು. ಯಾರು ಶಿಫಾರಸು ಮಾಡಬೇಕು, ಯಾವ ಸಮಿತಿ ನೋಡಬೇಕು ಎಂದು ಬರೆದಿಟ್ಟಿದ್ದಾರೆ. ಮೊತ್ತ ಚಿಕ್ಕದು, ಆದರೆ ದಾರಿ ಕಾಣುತ್ತದೆ. ಕೊಲೆ ಕೇಸಿನ ಪೋಸ್ಟರಿನಲ್ಲಿ ಮೊತ್ತ ಕಾಣುತ್ತದೆ, ದಾರಿ ಕಾಣುವುದಿಲ್ಲ.

ಕೇಸು ಬಿಡಿಸುವುದು ಬಹುಮಾನವಾ?

ದೊಡ್ಡ ಪ್ರಕರಣಗಳ ಇತಿಹಾಸ ಅಷ್ಟೇನೂ ಉತ್ಸಾಹ ಕೊಡುವುದಿಲ್ಲ. ವೀರಪ್ಪನ್ ತಲೆಯ ಮೇಲಿನ ಮೊತ್ತ ಏರುತ್ತಾ ಏರುತ್ತಾ 5 ಕೋಟಿ ಮುಟ್ಟಿತ್ತು. 2004ರ ಅಕ್ಟೋಬರ್ 18ರ ರಾತ್ರಿ ಅವನು ಸತ್ತದ್ದು, ಕಣ್ಣಿನ ಚಿಕಿತ್ಸೆಗೆಂದು ಹತ್ತಿದ ಆಂಬುಲೆನ್ಸನ್ನು ತಮಿಳುನಾಡು ವಿಶೇಷ ಪಡೆಯವರೇ ಓಡಿಸುತ್ತಿದ್ದುದರಿಂದ. ಪೋಸ್ಟರ್ ನೋಡಿ ಯಾರೋ ಫೋನ್ ಮಾಡಿದ್ದರಿಂದಲ್ಲ. ಗೌರಿ ಲಂಕೇಶ್ ಕೊಲೆಯಾದ ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ 10 ಲಕ್ಷ ಘೋಷಿಸಿತ್ತು. ಮೊದಲ ಬಂಧನ ಆಗಲು ಸುಮಾರು ಆರು ತಿಂಗಳು ಬೇಕಾಯಿತು. ಮುಂದೆ ಫೋನ್ ಜಾಡು, ಆರೋಪಿಯೊಬ್ಬನ ಡೈರಿ, ಗುಂಡಿನ ಮೇಲಿನ ಗುರುತುಗಳು ತನಿಖೆಯನ್ನು ಬೆಳೆಸಿದವು. ಅದೇ ಗುರುತುಗಳಿಂದಲೇ ಕಲಬುರ್ಗಿ ಪ್ರಕರಣದ ಗಂಟೂ ಸಡಿಲವಾಯಿತು.

ಹಾಗಂತ ಬಹುಮಾನ ವ್ಯರ್ಥ ಎನ್ನುವುದೂ ತಪ್ಪಾದೀತು. ಪೋಸ್ಟರ್ ಮಾಡುವ ಒಂದು ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ತಲೆಮರೆಸಿಕೊಂಡವನಿಗೆ ಊಟ, ಸಿಮ್, ರೂಮು ಕೊಟ್ಟವರು ಇರುತ್ತಾರೆ. ಅವರಲ್ಲಿ ಒಬ್ಬನಿಗೆ ಆ ಮೊತ್ತ ಕಣ್ಣಿಗೆ ಬಿತ್ತು ಎಂದು ಅಡಗಿದವನಿಗೆ ಗೊತ್ತಾದರೆ ಸಾಕು, ಅವನು ಯಾರನ್ನೂ ನಂಬಲಾರ. ಜಾಗ ಬದಲಿಸುತ್ತಾನೆ, ಹೊಸಬರನ್ನು ಸಂಪರ್ಕಿಸುತ್ತಾನೆ. ಓಡಾಡಿದಷ್ಟೂ ಜಾಡು ಬೀಳುತ್ತದೆ.

ಕೆಡುವ ಬಗೆ

ಲಂಡನ್‌ನಲ್ಲಿ ಜೊನಾಥನ್ ವೈಲ್ಡ್ ಎಂಬವನು ಕಳ್ಳರನ್ನು ಹಿಡಿದುಕೊಟ್ಟು ತಲೆಗೆ 40 ಪೌಂಡಿನಂತೆ ಎಣಿಸಿಕೊಳ್ಳುತ್ತಿದ್ದ, ಕಳ್ಳರ ಗುಂಪನ್ನೂ ತಾನೇ ನಡೆಸುತ್ತಿದ್ದ. 1725ರಲ್ಲಿ ಅವನನ್ನೇ ನೇಣಿಗೆ ಹಾಕಿದರು. ಅದಾಗಿ ಮೂವತ್ತು ವರ್ಷದೊಳಗೆ ಇನ್ನೊಂದು ಗುಂಪು, ಬಹುಮಾನಕ್ಕಾಗಿ ಅಮಾಯಕರನ್ನು ಕಳ್ಳತನದಲ್ಲಿ ಸಿಕ್ಕಿಸಿ ಗಲ್ಲಿಗೆ ಕಳಿಸಿದ್ದು ಬಯಲಾಯಿತು.

ಇಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಬದುವಿನ ಜಗಳ, ಪಂಚಾಯಿತಿ ಚುನಾವಣೆಯ ಸಿಟ್ಟು ಇದ್ದರೆ ಸಾಕು, ಪೋಸ್ಟರಿನ ನಂಬರಿಗೆ ವೈರಿಯ ಹೆಸರು ಹೋಗುತ್ತದೆ. ಬೇಕೆಂದೇ ಸುಳ್ಳು ಮಾಹಿತಿ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಲ್ಲಿ ಅಪರಾಧ. ಆದರೆ ಹೆಸರಿಲ್ಲದ ಕರೆಗೆ ಯಾರನ್ನು ಹಿಡಿಯುವುದು? ನೂರು ಕರೆಯಲ್ಲಿ ಒಂದು ನಿಜ ಇದ್ದರೂ ನೂರನ್ನೂ ಜರಡಿ ಹಿಡಿಯಬೇಕು. ಠಾಣೆಯಲ್ಲಿ ಇರುವ ಸಿಬ್ಬಂದಿ ಅಷ್ಟೇ.

ಕೋರ್ಟಿನಲ್ಲಿ ಇನ್ನೊಂದು ತೊಂದರೆ. ‘ನೀವು ಎಷ್ಟು ದುಡ್ಡು ತಗೊಂಡಿರಿ?’ ಆರೋಪಿಯ ವಕೀಲರು ಪಾಟೀ ಸವಾಲಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ದುಡ್ಡಿನ ಆಸೆಗೆ ಕಥೆ ಕಟ್ಟಿದ್ದಾನೆ ಎಂದು ಒಂದು ಅನುಮಾನ ಹುಟ್ಟಿದರೂ ಸಾಕ್ಷಿಯ ತೂಕ ಇಳಿಯುತ್ತದೆ. ಹಾಗಾಗಿ ಅನುಭವಿ ತನಿಖಾಧಿಕಾರಿ ಸುಳಿವನ್ನು ಬರೀ ದಾರಿ ತೋರಿಸುವ ಬೆರಳಾಗಿ ಬಳಸುತ್ತಾರೆ. ಬೆರಳು ತೋರಿದ ಕಡೆ ಹೋಗಿ ಆಯುಧ, ಸಿಸಿಟಿವಿ, ಫೋನ್ ದಾಖಲೆಗಳನ್ನು ಬೇರೆಯಾಗಿ ಕಲೆಹಾಕುತ್ತಾರೆ. ಸುಳಿವು ಕೊಟ್ಟವನು ಕೋರ್ಟಿಗೆ ಬರುವುದೇ ಬೇಡವಾಗುತ್ತದೆ.

ಗಡಿಯಾಚೆಯ ಕಣ್ಣು

ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ಇನ್ನೊಂದು ತಾಪತ್ರಯ ಇದೆ, ಗಡಿ. 2025ರ ಸೆಪ್ಟೆಂಬರ್ 16ರಂದು ಚಡಚಣದ ಬ್ಯಾಂಕಿಗೆ ಮುಸುಕುಧಾರಿಗಳು ನುಗ್ಗಿ, ಸಿಬ್ಬಂದಿಯನ್ನು ಕಟ್ಟಿಹಾಕಿ ನಗದು, ಚಿನ್ನ ದೋಚಿದಾಗ ಅವರ ಕಾರು ಸಿಕ್ಕಿದ್ದು ಸೊಲ್ಲಾಪುರ ಜಿಲ್ಲೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ. ಕಂಡವರು, ಗುರುತಿಟ್ಟವರು ಮಹಾರಾಷ್ಟ್ರದ ಹಳ್ಳಿಯವರು. ಅವರು ಕರೆ ಮಾಡಿದರೆ ಅಲ್ಲಿನ ಠಾಣೆಗೆ ಮಾಡುತ್ತಾರೆ, ಇಲ್ಲಿನ ಬಹುಮಾನ ಅವರ ಕಿವಿಗೇ ಬಿದ್ದಿರುವುದಿಲ್ಲ. ಪ್ರಸ್ತಾಪ ಗೊತ್ತಿಲ್ಲದವನಿಗೆ ಬಹುಮಾನದ ಹಕ್ಕಿಲ್ಲ ಎಂಬ 1913ರ ತೀರ್ಪು ಇಲ್ಲಿ ಮತ್ತೆ ನೆನಪಾಗುತ್ತದೆ.

ಇಂಡಿ, ಚಡಚಣ, ಅಥಣಿ, ನಿಪ್ಪಾಣಿ ಕಡೆಯ ಅಪರಾಧಕ್ಕೆ ಕನ್ನಡದಲ್ಲಿ ಮಾತ್ರ ಅಚ್ಚಾದ ಪೋಸ್ಟರ್ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಜತ್ತ, ಮಿರಜ, ಕಾಗಲ, ಮಂಗಳವೇಢೆಯ ಬಸ್ ನಿಲ್ದಾಣಗಳಲ್ಲಿ ಅದೇ ಮುಖ ಮರಾಠಿಯಲ್ಲಿ ಅಂಟಿರಬೇಕು. ಮೊತ್ತದ ಕೆಳಗೆ ಎರಡು ಸಾಲು ಜಾಸ್ತಿ ಇರಬೇಕು: ದುಡ್ಡು ಬಂಧನವಾದಾಗಲೋ ಶಿಕ್ಷೆಯಾದಾಗಲೋ ಎಂದು ಒಂದು, ಕರೆ ತೆಗೆದುಕೊಳ್ಳುವವರು ಸ್ಥಳೀಯ ಠಾಣೆಯವರಲ್ಲ, ಜಿಲ್ಲಾ ಎಸ್ಪಿ ಕಚೇರಿಯವರು ಎಂದು ಇನ್ನೊಂದು. ಈಗಿನ ಪೋಸ್ಟರಿನಲ್ಲಿ ಆ ಜಾಗದಲ್ಲಿ ಲಾಂಛನ ಇದೆ, ಸಾಕಷ್ಟು ದೊಡ್ಡದೇ ಇದೆ.